ವಸಡಿನ ಅಂಚಿನ ಹುಳುಕಿಗೆ ಯಾವ ಫಿಲ್ಲಿಂಗ್? ನನ್ನ ಬಾಯಲ್ಲಿ ಬಿದ್ದದ್ದು, ಬಾಳಿದ್ದು

ಹಾಕಿಸಿ ಹದಿನಾಲ್ಕು ತಿಂಗಳಾಗಿತ್ತು. ಬ್ರಶ್ ಮಾಡಿ ಬಾಯಿ ಮುಕ್ಕಳಿಸುವಾಗ ನಾಲಿಗೆಗೆ ಗಟ್ಟಿ ಚೂರೊಂದು ಸಿಕ್ಕಿತು. ತೆಗೆದು ನೋಡಿದರೆ ಮೇಲಿನ ಕೋರೆಹಲ್ಲಿನ ಫಿಲ್ಲಿಂಗ್. ಒಡೆದಿರಲಿಲ್ಲ, ಸವೆದಿರಲಿಲ್ಲ, ಹೊಳಪು ಕೂಡ ಹಾಗೇ ಇತ್ತು. ಅಚ್ಚಿನಿಂದ ಬಿಡಿಸಿದ ಹಾಗೆ ಇಡಿಯಾಗಿ ಹೊರಗೆ ಬಂದಿತ್ತು. ತುಂಬಿದ ವಸ್ತು ಗಟ್ಟಿಯಾಗೇ ಇತ್ತು, ಸೋತದ್ದು ಅದರ ಅಡಿಯ ಅಂಟು. ಅವತ್ತು ನನಗೆ ಅದು ಅರ್ಥವಾಗಲಿಲ್ಲ. ಕಳಪೆ ಸಾಮಾನು ಹಾಕಿದ್ದಾರೆ ಅಂತ ಸಿಟ್ಟು ಮಾಡಿಕೊಂಡೆ.

ಆಮೇಲೆ ಅದೇ ಹಲ್ಲಿಗೆ ಅದೇ ಜಾತಿಯ ವಸ್ತುವನ್ನು ಬೇರೆ ಡಾಕ್ಟರ್ ಹತ್ತಿರ ಹಾಕಿಸಿಕೊಂಡೆ. ಅದು ಆರು ವರ್ಷದಿಂದ ಜಾಗ ಬಿಟ್ಟು ಅಲ್ಲಾಡಿಲ್ಲ. ಇನ್ನೊಂದು ದವಡೆ ಹಲ್ಲಿನ ಬುಡದಲ್ಲಿ ಬೇರೆ ಬಗೆಯ ಸಿಮೆಂಟ್ ಒಂಬತ್ತು ವರ್ಷದಿಂದ ಇದೆ. ಕೋರೆಹಲ್ಲಿನ ಪಕ್ಕದ ಸಣ್ಣ ದವಡೆ ಹಲ್ಲಿಗೆ ಮೂರನೇ ಬಗೆಯದು ಹಾಕಿಸಿ ಐದು ವರ್ಷ ಆಯಿತು. ಒಂದೇ ಬಾಯಿ, ಒಂದೇ ಬ್ರಶ್, ಮೂರು ವಸ್ತು. ಹಾಗಾಗಿ ಹೋಲಿಸಿ ಬರೆಯಬಹುದು ಅನ್ನಿಸಿತು. ನಾನು ಡಾಕ್ಟರ್ ಅಲ್ಲ, ಆದರೆ ಆ ಫಿಲ್ಲಿಂಗ್ ಬಿದ್ದ ಮೇಲೆ ಈ ವಿಷಯ ಬಿಡದೆ ಓದಿದ್ದೇನೆ, ಕುರ್ಚಿಯಲ್ಲಿ ಕೂತಾಗಲೆಲ್ಲ ಕೇಳಿದ್ದೇನೆ.

ಮೊದಲು ಜಾಗದ ವಿಷಯ, ಯಾಕೆಂದರೆ ಎಲ್ಲ ತೊಂದರೆಯೂ ಅಲ್ಲೇ ಇದೆ. ಹಲ್ಲಿನ ಮೇಲೆ ಎನಾಮೆಲ್ ಅಂತ ಗಟ್ಟಿ ಹೊದಿಕೆ ಇದೆ ಅಲ್ವಾ, ಅದು ಕೆಳಗೆ, ಅಂದರೆ ಬೇರಿನ ಕಡೆಗೆ, ಇಳಿದ ಹಾಗೆ ತೆಳ್ಳಗಾಗುತ್ತಾ ಬಂದು ಹಲ್ಲಿನ ಕುತ್ತಿಗೆಯ ಹತ್ತಿರ ಮುಗಿದೇ ಹೋಗುತ್ತದೆ. ಅಲ್ಲಿಂದ ಮುಂದೆ ಬೇರಿನ ಭಾಗ. ಮೇಲೆ ಸಿಮೆಂಟಮ್ ಅನ್ನುವ ತೆಳು ಪದರ, ಅದರ ಒಳಗೆ ಡೆಂಟಿನ್. ಎನಾಮೆಲ್ ಹೆಚ್ಚುಕಮ್ಮಿ ಪೂರ್ತಿ ಖನಿಜ. ಡೆಂಟಿನ್ ಹಾಗಲ್ಲ, ಅದರಲ್ಲಿ ನೀರು, ಕೊಲ್ಯಾಜೆನ್ ನಾರು, ಜೊತೆಗೆ ಒಳಗಿನ ನರದ ಕಡೆಗೆ ಹೋಗುವ ಸಾವಿರಾರು ಸೂಕ್ಷ್ಮ ಕೊಳವೆಗಳಿವೆ. ತಣ್ಣೀರು ತಾಗಿದರೆ ಜುಮ್ ಅನ್ನುವುದು ಆ ಕೊಳವೆಯೊಳಗಿನ ದ್ರವ ಅಲುಗಾಡುವುದರಿಂದ. ಅಂಟು ಎನಾಮೆಲ್ ಮೇಲೆ ಚೆನ್ನಾಗಿ ಹಿಡಿಯುತ್ತದೆ, ಒದ್ದೆಯಾದ ಡೆಂಟಿನ್ ಮೇಲೆ ಅಷ್ಟು ನಂಬಿಕೆಯಿಂದ ಹಿಡಿಯುವುದಿಲ್ಲ. ವಸಡಿನ ಪಕ್ಕದ ಗುಂಡಿಯ ಮೇಲಿನ ಅಂಚು ಎನಾಮೆಲ್‌ನಲ್ಲಿ, ಕೆಳಗಿನ ಅಂಚು ಹೆಚ್ಚಾಗಿ ಡೆಂಟಿನ್‌ನಲ್ಲಿ ಇರುತ್ತದೆ. ಒಂದೇ ಗುಂಡಿಗೆ ಎರಡು ಬಗೆಯ ಗೋಡೆ.

ಸಾಲದ್ದಕ್ಕೆ ವಸಡು ಮತ್ತು ಹಲ್ಲಿನ ಸಂದಿಯಿಂದ ಯಾವಾಗಲೂ ಸ್ವಲ್ಪ ದ್ರವ ಜಿನುಗುತ್ತಿರುತ್ತದೆ. ವಸಡು ಊದಿಕೊಂಡಿದ್ದರೆ ಇನ್ನೂ ಜಾಸ್ತಿ, ಮುಟ್ಟಿದರೆ ರಕ್ತ ಬೇರೆ. ಕಚ್ಚುವಾಗ ಹಲ್ಲು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಆ ಬಾಗುವಿಕೆಯ ಒತ್ತಡ ಬಂದು ಸೇರುವುದು ಇದೇ ಕುತ್ತಿಗೆಯ ಜಾಗಕ್ಕೆ. ಅಮೆರಿಕದ ದಂತವೈದ್ಯ ಜಿ.ವಿ. ಬ್ಲ್ಯಾಕ್ ನೂರು ವರ್ಷಕ್ಕೂ ಹಿಂದೆ ಹುಳುಕುಗಳನ್ನು ವರ್ಗ ಮಾಡಿದಾಗ ಈ ಜಾಗಕ್ಕೆ ಐದನೇ ವರ್ಗ ಅಂತ ಹೆಸರಿಟ್ಟರು. ಇವತ್ತಿಗೂ ಡಾಕ್ಟರ್‌ಗಳು 'ಕ್ಲಾಸ್ ಫೈವ್' ಅನ್ನುವುದು ಇದನ್ನೇ.

ಈಗ ನನ್ನ ಮೊದಲ ಫಿಲ್ಲಿಂಗ್. ಅದು ಕಾಂಪೋಸಿಟ್, ಅಂದರೆ ಹಲ್ಲಿನ ಬಣ್ಣದ್ದು, ನೀಲಿ ಬೆಳಕು ಹಿಡಿದು ಗಟ್ಟಿ ಮಾಡುವುದು. ರೆಸಿನ್ ಅನ್ನುವ ಪ್ಲಾಸ್ಟಿಕ್ ಜಾತಿಯ ವಸ್ತುವಿನ ಒಳಗೆ ಗಾಜಿನಂಥ ಸೂಕ್ಷ್ಮ ಪುಡಿ ಬೆರೆಸಿರುತ್ತಾರೆ. ನೋಡಲು ಇದಕ್ಕಿಂತ ಚೆಂದದ್ದು ಇಲ್ಲ, ನನ್ನದಂತೂ ಎಲ್ಲಿ ಹಲ್ಲು ಮುಗಿದು ಎಲ್ಲಿ ಫಿಲ್ಲಿಂಗ್ ಶುರು ಅಂತ ಕನ್ನಡಿಯಲ್ಲಿ ಗೊತ್ತಾಗುತ್ತಿರಲಿಲ್ಲ. ಆದರೆ ಇದು ಗಟ್ಟಿಯಾಗುವಾಗ ಕುಗ್ಗುತ್ತದೆ, ಸಾಮಾನ್ಯವಾಗಿ ಗಾತ್ರದಲ್ಲಿ ಶೇಕಡಾ 2ರಿಂದ 3ರಷ್ಟು. ಕುಗ್ಗುವಾಗ ಅಂಟನ್ನು ಎಳೆಯುತ್ತದೆ. ಮೇಲೆ ಎನಾಮೆಲ್ ಹಿಡಿದು ನಿಲ್ಲುತ್ತದೆ, ಕೆಳಗೆ ಡೆಂಟಿನ್ ಬಿಟ್ಟುಕೊಡುತ್ತದೆ. ಅಲ್ಲಿ ಕೂದಲೆಳೆಗಿಂತ ಸಣ್ಣ ಸಂದಿಯಾದರೂ ಸಾಕು, ಬಣ್ಣ ಇಳಿಯುತ್ತದೆ, ಜುಮ್ ಅನ್ನುತ್ತದೆ, ಹುಳುಕು ಮತ್ತೆ ಶುರುವಾಗುತ್ತದೆ.

ಆ ದಿನ ನಡೆದದ್ದು ನನಗೆ ಈಗಲೂ ಚೆನ್ನಾಗಿ ನೆನಪಿದೆ. ವಸಡು ಊದಿತ್ತು. ಕೆರೆದು ಸ್ವಚ್ಛ ಮಾಡುವಾಗ ರಕ್ತ ಬಂತು. ಹತ್ತಿ ಉಂಡೆ ಒತ್ತಿಟ್ಟು, ಗಾಳಿ ಊದಿ, ಮೇಲ್ಮೈ ಒರಟು ಮಾಡುವ ಆಸಿಡ್ ಜೆಲ್ ಹಚ್ಚಿ ತೊಳೆದು, ಬಾಂಡ್ ಅನ್ನುವ ಅಂಟು ಸವರಿ, ಒಂದೇ ಸಲಕ್ಕೆ ಪೂರ್ತಿ ತುಂಬಿ ಲೈಟ್ ಹಿಡಿದರು. ಎಲ್ಲ ಸೇರಿ ಹತ್ತು ನಿಮಿಷ. ಬೇಗ ಮುಗಿಯಿತಲ್ಲ ಅಂತ ನನಗೆ ಆಗ ಖುಷಿಯೇ ಆಗಿತ್ತು. ಬಾಂಡ್ ಹಚ್ಚುವ ಹೊತ್ತಿಗೆ ನಾಲಿಗೆಗೆ ರಕ್ತದ ರುಚಿ ಬರುತ್ತಿತ್ತು ಅನ್ನುವುದು ಈಗ ಯೋಚಿಸಿದರೆ ಬೇಜಾರಾಗುತ್ತದೆ. ರಕ್ತ ಅಥವಾ ಎಂಜಲು ತಾಗಿದ ಡೆಂಟಿನ್ ಮೇಲೆ ಎಂಥ ಒಳ್ಳೆಯ ಬಾಂಡ್ ಹಚ್ಚಿದರೂ ಅದು ಹಲ್ಲಿಗೆ ಸರಿಯಾಗಿ ಅಂಟುವುದಿಲ್ಲ.

ಎರಡನೇ ಸಲ ಹೋದ ಡಾಕ್ಟರ್ ಅದೇ ದಿನ ಫಿಲ್ಲಿಂಗ್ ಹಾಕಲೇ ಇಲ್ಲ. ಹಲ್ಲಿನ ಮೇಲಿದ್ದ ಪಾಚಿ, ಕಲ್ಲು ತೆಗೆದು ಸ್ವಚ್ಛ ಮಾಡಿದರು, ತಾತ್ಕಾಲಿಕವಾಗಿ ಏನೋ ತುಂಬಿದರು, ಮೆತ್ತಗಿನ ಬ್ರಶ್ ಹೇಗೆ ಹಿಡಿಯಬೇಕು ಅಂತ ತೋರಿಸಿ ಎರಡು ವಾರ ಬಿಟ್ಟು ಬನ್ನಿ ಅಂದರು. ಇಷ್ಟು ಸಣ್ಣ ಕೆಲಸಕ್ಕೆ ಎರಡು ಸಲ ಯಾಕೆ ಓಡಾಡಬೇಕು ಅಂತ ಒಳಗೊಳಗೇ ಗೊಣಗಿಕೊಂಡೆ. ಎರಡು ವಾರಕ್ಕೆ ವಸಡು ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಮುಟ್ಟಿದರೆ ರಕ್ತ ಬರಲಿಲ್ಲ. ಆ ಎರಡು ವಾರಕ್ಕೆ ನಾನು ಅವರಿಗೆ ಪೂರ್ತಿ ಅಂಕ ಕೊಡುತ್ತೇನೆ. ಈ ಫಿಲ್ಲಿಂಗ್ ಉಳಿದಿರುವುದರಲ್ಲಿ ಅದರ ಪಾಲೇ ದೊಡ್ಡದು ಅಂತ ನನ್ನ ನಂಬಿಕೆ.

ಆ ದಿನ ಅವರು ಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಲ್ಲು ಒಣಗಿಸುವ ಮೊದಲೇ ಬಣ್ಣ ಆರಿಸಿದರು. ಒಣಗಿದ ಹಲ್ಲು ನಿಜಕ್ಕಿಂತ ಬೆಳ್ಳಗೆ ಕಾಣುತ್ತದಂತೆ, ಅದನ್ನು ನೋಡಿ ಆರಿಸಿದರೆ ಮಾರನೇ ದಿನ ಫಿಲ್ಲಿಂಗ್ ಮಾತ್ರ ಸುಣ್ಣದ ಹಾಗೆ ಎದ್ದು ಕಾಣುತ್ತದೆ. ಹಲ್ಲಿನ ಬುಡ ಯಾವಾಗಲೂ ತುದಿಗಿಂತ ಸ್ವಲ್ಪ ಹಳದಿ, ಅದಕ್ಕೆ ತಕ್ಕ ಬಣ್ಣ ಬೇಕು. ಆಮೇಲೆ ವಸಡಿನ ಸಂದಿಯೊಳಗೆ ತೆಳ್ಳಗಿನ ದಾರ ತುರುಕಿದರು. ಇದಕ್ಕೆ ರಿಟ್ರಾಕ್ಷನ್ ಕಾರ್ಡ್ ಅನ್ನುತ್ತಾರೆ, ವಸಡನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಗುಂಡಿಯ ಅಂಚು ಪೂರ್ತಿ ಕಾಣುವ ಹಾಗೆ ಮಾಡುತ್ತದೆ, ಜಿನುಗುವ ದ್ರವವನ್ನೂ ತಡೆಯುತ್ತದೆ. ಅದರ ಮೇಲೆ ರಬ್ಬರ್ ಡ್ಯಾಮ್, ಅಂದರೆ ಆ ಹಲ್ಲು ಮಾತ್ರ ತೂತಿನಿಂದ ಹೊರಗೆ ಬಂದು ಉಳಿದ ಬಾಯಿ ಮುಚ್ಚಿಹೋಗುವ ರಬ್ಬರ್ ಹಾಳೆ. ವಸಡಿನ ಪಕ್ಕದ ಹಲ್ಲಿಗೆಂದೇ 212 ಅನ್ನುವ ನಂಬರಿನ ಕ್ಲಿಪ್ ಇದೆ, ಅದನ್ನು ಹಾಕಿದರು. ಹಾಯಾಗಿತ್ತು ಅಂತ ಹೇಳಲಾರೆ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದರೂ ಒತ್ತಿದ ಹಾಗೆ ಅನ್ನಿಸುತ್ತಿತ್ತು. ಆದರೆ ಗುಂಡಿ ಅಪ್ಪಟ ಒಣಗಿತ್ತು.

ಆಸಿಡ್ ಜೆಲ್ಲನ್ನು ಈ ಸಲ ಎನಾಮೆಲ್ ಅಂಚಿಗೆ ಮಾತ್ರ ಹಚ್ಚಿದರು. ಡೆಂಟಿನ್‌ಗೆ ತಾನೇ ಹದವಾಗಿ ಕೆಲಸ ಮಾಡುವ, ಅಷ್ಟು ಕಟುವಲ್ಲದ ಬಾಂಡ್ ಹಾಕಿ ಇಪ್ಪತ್ತು ಸೆಕೆಂಡು ಸಣ್ಣ ಕುಂಚದಿಂದ ತಿಕ್ಕಿದರು, ಮೆಲ್ಲಗೆ ಗಾಳಿ ಬಿಟ್ಟು ಅದರಲ್ಲಿರುವ ದ್ರಾವಕ ಆರಿಸಿದರು, ಆಮೇಲೆ ಲೈಟ್. ಕಾಂಪೋಸಿಟನ್ನು ಎರಡು ಸಲ ಬೇರೆ ಬೇರೆಯಾಗಿ ಹಾಕಿದರು, ಪ್ರತಿ ಪದರ 2 ಮಿಲಿಮೀಟರ್ ದಾಟದ ಹಾಗೆ. ಪದರ ತೆಳ್ಳಗಿದ್ದರೆ ಬೆಳಕು ತಳದವರೆಗೆ ಇಳಿಯುತ್ತದೆ, ಎಳೆತವೂ ಕಡಿಮೆ. ಸುಮಾರು ಮುಕ್ಕಾಲು ಗಂಟೆ ಹಿಡಿಯಿತು. ಮೊದಲನೆಯದಕ್ಕೂ ಇದಕ್ಕೂ ವಸ್ತುವಿನಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಇದ್ದದ್ದು ಆ ಮುಕ್ಕಾಲು ಗಂಟೆಯಲ್ಲಿ.

ಇನ್ನು ದವಡೆ ಹಲ್ಲಿನಲ್ಲಿ ಒಂಬತ್ತು ವರ್ಷದಿಂದ ಇರುವುದು ಗ್ಲಾಸ್ ಅಯಾನೊಮರ್. ಇದು ಇಂಗ್ಲೆಂಡಿನ ಅಲನ್ ವಿಲ್ಸನ್ ಮತ್ತು ಬ್ರಯಾನ್ ಕೆಂಟ್ ಕಂಡುಹಿಡಿದದ್ದು, 1972ರ ಹೊತ್ತಿಗೆ ದಂತವೈದ್ಯರ ಮುಂದೆ ಬಂತು. ಒಂದು ವಿಶೇಷ ಗಾಜಿನ ಪುಡಿ, ಒಂದು ಆಮ್ಲದ ದ್ರಾವಣ, ಎರಡನ್ನೂ ಕಲಸಿದರೆ ತಾನಾಗೇ ಗಟ್ಟಿಯಾಗುತ್ತದೆ. ಇದರ ದೊಡ್ಡ ಗುಣ ಏನೆಂದರೆ ಬೇರೆ ಬಾಂಡ್ ಬೇಕಿಲ್ಲ, ಹಲ್ಲಿನ ಕ್ಯಾಲ್ಸಿಯಂ ಜೊತೆ ನೇರವಾಗಿ ರಾಸಾಯನಿಕವಾಗಿ ಅಂಟಿಕೊಳ್ಳುತ್ತದೆ. ಮೊದಲು ಪಾಲಿಅಕ್ರಿಲಿಕ್ ಆಮ್ಲವನ್ನು ಹತ್ತಿಪ್ಪತ್ತು ಸೆಕೆಂಡು ಹಚ್ಚಿ ತೊಳೆದು ಮೇಲಿನ ಕೊಳೆ ಪದರ ತೆಗೆಯುತ್ತಾರೆ, ಅಷ್ಟೆ. ಬಿಸಿ ತಣ್ಣಗೆ ಹಿಗ್ಗುವುದು ಕುಗ್ಗುವುದು ಕೂಡ ಹಲ್ಲಿಗೆ ಹತ್ತಿರ ಇದೆ. ಫ್ಲೋರೈಡ್ ಬಿಡುತ್ತದೆ. ಮೊದಲ ದಿನಗಳಲ್ಲಿ ಜಾಸ್ತಿ, ಆಮೇಲೆ ಕಮ್ಮಿ, ಮತ್ತೆ ಟೂತ್‌ಪೇಸ್ಟಿನಿಂದ ಸ್ವಲ್ಪ ಹೀರಿಕೊಂಡು ಬಿಡುತ್ತದೆ. ಫ್ಲೋರೈಡ್ ಬಿಡುತ್ತದೆ ಅಂತ ಹೇಳಿ ಹುಳುಕು ಇನ್ನು ಬರುವುದೇ ಇಲ್ಲ ಅಂತ ನಂಬಿ ಕೂರಬೇಡಿ, ಅಷ್ಟು ದೊಡ್ಡ ಕಾವಲುಗಾರ ಅದಲ್ಲ. ಆದರೆ ಜಾಗ ಬಿಟ್ಟು ಕಳಚದೆ ನಿಲ್ಲುವ ವಿಷಯದಲ್ಲಿ ವಸಡಿನ ಪಕ್ಕದ ಗುಂಡಿಗಳಿಗೆ ಇದರ ಹೆಸರು ತುಂಬಾ ಒಳ್ಳೆಯದು, ನನ್ನದೂ ಅದಕ್ಕೆ ಸಾಕ್ಷಿ.

ಕೊರತೆ ಹೇಳದೆ ಇರಬಾರದು. ನನ್ನದು ಈಗ ಮಂಕಾಗಿದೆ, ಸೀಮೆಸುಣ್ಣದ ಛಾಯೆ ಬಂದಿದೆ. ಉಗುರು ಆಡಿಸಿದರೆ ಸ್ವಲ್ಪ ತರಿತರಿ. ಅಂಚು ಸವೆದು ತುಸು ಒಳಗೆ ಹೋಗಿದೆ. ನಕ್ಕರೆ ಕಾಣದ ಹಿಂದಿನ ಹಲ್ಲು ಆದ್ದರಿಂದ ನನಗೆ ಚಿಂತೆ ಇಲ್ಲ, ಮುಂದಿನ ಹಲ್ಲಿಗಾದರೆ ಬೇಡ ಅನ್ನುತ್ತಿದ್ದೆ. ಇನ್ನೊಂದು ವಿಷಯ, ಮೊದಲ ದಿನ ಇದು ತುಂಬಾ ನಾಜೂಕು. ನೀರು ತಾಗಿದರೂ ಹಾಳು, ಪೂರ್ತಿ ಒಣಗಿದರೂ ಬಿರುಕು. ಅದಕ್ಕೇ ಮೇಲೆ ವಾರ್ನಿಶ್ ಅಥವಾ ವ್ಯಾಸಲೀನ್ ಥರದ್ದು ಸವರಿ ಕಳಿಸುತ್ತಾರೆ. ನಿಮಗೆ ಸವರದಿದ್ದರೆ ಕೇಳಿ.

ಮೂರನೆಯದು ಈ ಎರಡರ ಮಧ್ಯದ್ದು, ಗ್ಲಾಸ್ ಅಯಾನೊಮರ್‌ಗೆ ರೆಸಿನ್ ಬೆರೆಸಿದ್ದು. ಜಿಸಿ ಕಂಪನಿಯ ಫ್ಯೂಜಿ 2 ಎಲ್‌ಸಿ ಇದರಲ್ಲಿ ಹೆಸರುವಾಸಿ, ನನ್ನ ಸಣ್ಣ ದವಡೆ ಹಲ್ಲಿಗೆ ಹಾಕಿದ್ದು ಅದೇ. ಹಲ್ಲಿಗೆ ತಾನೇ ಅಂಟಿಕೊಳ್ಳುವ ಗುಣ ಉಳಿದಿದೆ, ಲೈಟ್ ಹಿಡಿದ ತಕ್ಷಣ ಗಟ್ಟಿಯಾಗುವ ಅನುಕೂಲ ಸೇರಿದೆ, ಮೊದಲ ದಿನದ ನಾಜೂಕುತನ ಬಹಳ ಕಮ್ಮಿ. ಸ್ವಲ್ಪ ತೇವ ಇದ್ದರೂ ಕಾಂಪೋಸಿಟ್‌ನಷ್ಟು ಮುನಿಸಿಕೊಳ್ಳುವುದಿಲ್ಲ. ಹಾಗಂತ ರಕ್ತದ ಮೇಲೆ ಹಾಕಿದರೆ ಇದೂ ನಿಲ್ಲುವುದಿಲ್ಲ. ಹಾಕಿಸಿದ ದಿನ ಬಣ್ಣ ಚೆನ್ನಾಗಿ ಹೊಂದಿತ್ತು. ಐದು ವರ್ಷದಲ್ಲಿ ಒಂದು ಛಾಯೆ ಗಾಢವಾಗಿದೆ, ಹೊಳಪು ಹೋಗಿದೆ. ರೆಸಿನ್ ಭಾಗ ನೀರು ಹೀರುವುದರಿಂದ ಹೀಗಾಗುತ್ತದಂತೆ. ಜುಮ್ ಅನ್ನುವುದು ಮಾತ್ರ ಹಾಕಿಸಿದ ದಿನದಿಂದ ಒಮ್ಮೆಯೂ ಇಲ್ಲ. ಆ ಹಲ್ಲಿನ ಗುಂಡಿಯ ಕೆಳಗಿನ ಅಂಚು ಪೂರ್ತಿ ಬೇರಿನ ಮೇಲಿತ್ತು, ಡ್ಯಾಮ್ ಕೂರಿಸುವುದಕ್ಕೆ ಆಗದ ಜಾಗ. ಅಂಥ ಕಡೆ ನನ್ನ ಮೊದಲ ಆಯ್ಕೆ ಇದೇ.

ಈ ಎರಡನ್ನೂ ಸೇರಿಸಿ ಹಾಕುವ ಪದ್ಧತಿಯೂ ಇದೆ. ಒಳಗೆ ಗ್ಲಾಸ್ ಅಯಾನೊಮರ್, ಮೇಲೆ ಚೆಂದಕ್ಕೆ ಕಾಂಪೋಸಿಟ್, ಸ್ಯಾಂಡ್‌ವಿಚ್ ಅಂತಲೇ ಹೆಸರು. ಆಳವಾದ ಗುಂಡಿಗೆ ಒಳ್ಳೆಯದು. ಬೆಳ್ಳಿ ಬಣ್ಣದ ಅಮಾಲ್ಗಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ತಾನಾಗಿ ಅಂಟುವುದಿಲ್ಲ, ಸಿಕ್ಕಿಕೊಳ್ಳಲಿ ಅಂತ ಒಳ್ಳೆಯ ಹಲ್ಲನ್ನೂ ಕೊರೆಯಬೇಕು. ಅದರಲ್ಲಿರುವ ಪಾದರಸದ ಕಾರಣಕ್ಕೆ ಜಗತ್ತಿನಲ್ಲೆಲ್ಲ ಕಡಿಮೆ ಮಾಡುತ್ತಿದ್ದಾರೆ, ಯುರೋಪಿಯನ್ ಒಕ್ಕೂಟ 2025ರ ಜನವರಿ 1ರಿಂದ ಬಹುಮಟ್ಟಿಗೆ ನಿಲ್ಲಿಸಿಬಿಟ್ಟಿದೆ. ಹಳೆಯದು ಬಾಯಲ್ಲಿ ಸರಿಯಾಗಿದ್ದರೆ ಸುಮ್ನೆ ಕೀಳಿಸುವ ಅಗತ್ಯ ಇಲ್ಲ.

ನನ್ನ ಅಮ್ಮನ ವಿಷಯ ಬೇರೆ. ಅವರು ತೆಗೆದುಕೊಳ್ಳುವ ಮಾತ್ರೆಗಳಿಂದ ಬಾಯಿ ಯಾವಾಗಲೂ ಒಣಗಿರುತ್ತದೆ. ಎಂಜಲು ಕಡಿಮೆಯಾದರೆ ಆಮ್ಲ ತೊಳೆದು ಹೋಗುವುದಿಲ್ಲ. ವಯಸ್ಸಿಗೆ ವಸಡು ಇಳಿದು ಬೇರು ಹೊರಗೆ ಬಂದಿದೆ. ಎನಾಮೆಲ್ ಕರಗಲು ಪಿಹೆಚ್ (ಆಮ್ಲ ಹೆಚ್ಚಿದಷ್ಟೂ ಇಳಿಯುವ ಅಳತೆ) ಸುಮಾರು 5.5ಕ್ಕೆ ಇಳಿಯಬೇಕು, ಬೇರಿನ ಡೆಂಟಿನ್‌ಗೆ ಅಷ್ಟು ಬೇಕಿಲ್ಲ, 6ರ ಮೇಲೆ ಇರುವಾಗಲೇ ಕರಗಲು ಶುರು. ಒಂದು ವರ್ಷದ ಒಳಗೆ ಆರು ಹಲ್ಲಿನ ಬುಡದಲ್ಲಿ ಕಂದು ಮೆತ್ತಗಿನ ಹುಳುಕು ಬಂತು. ಅವರಿಗೆ ಬಹಳ ಹೊತ್ತು ಬಾಯಿ ತೆರೆದು ಕೂರುವುದಕ್ಕೆ ಆಗುವುದಿಲ್ಲ. ಅಂಥವರಿಗೆ ಕಾಂಪೋಸಿಟ್, ಡ್ಯಾಮ್ ಅಂತ ಹಟ ಹಿಡಿಯುವುದು ಸರಿಯಲ್ಲ. ಡಾಕ್ಟರ್ ಮೆತ್ತಗಾದ ಭಾಗವನ್ನು ಕೈ ಉಪಕರಣದಿಂದಲೇ ಕೆರೆದು ನಾಲ್ಕು ಹಲ್ಲಿಗೆ ಗಟ್ಟಿ ಜಾತಿಯ ಗ್ಲಾಸ್ ಅಯಾನೊಮರ್ ತುಂಬಿದರು. ಉಳಿದ ಎರಡು ಹಿಂದಿನ ಹಲ್ಲಿಗೆ ಎಸ್‌ಡಿಎಫ್, ಅಂದರೆ ಬೆಳ್ಳಿ ಮತ್ತು ಫ್ಲೋರೈಡ್ ಇರುವ ದ್ರಾವಣ ಸವರಿದರು. ಶೇಕಡಾ 38ರದ್ದು. ಅದು ಹುಳುಕನ್ನು ನಿಲ್ಲಿಸುತ್ತದೆ, ಆದರೆ ಆ ಜಾಗ ಕಾಯಂ ಕಪ್ಪಾಗುತ್ತದೆ. ಇದನ್ನು ಮೊದಲೇ ಹೇಳಿ ಒಪ್ಪಿಗೆ ಪಡೆದೇ ಹಚ್ಚಿದರು. 'ಕಪ್ಪಾದರೆ ಆಗಲಿ ಮಗಾ, ನೋವಿಲ್ಲದೆ ಹಲ್ಲು ಉಳಿದರೆ ಸಾಕು' ಅಂದರು ಅಮ್ಮ. ಜೊತೆಗೆ 5000 ಪಿಪಿಎಂ ಫ್ಲೋರೈಡ್ ಇರುವ ಪೇಸ್ಟ್ ಬರೆದುಕೊಟ್ಟರು. ಮಾಮೂಲಿ ಪೇಸ್ಟಿನಲ್ಲಿ 1000ದಿಂದ 1500 ಇರುತ್ತದೆ, ಹಾಗಾಗಿ ಇದು ಡಾಕ್ಟರ್ ಹೇಳಿದರೆ ಮಾತ್ರ ಬಳಸುವುದು. ಎರಡು ವರ್ಷವಾಯಿತು. ನಾಲ್ಕರಲ್ಲಿ ಒಂದು ಫಿಲ್ಲಿಂಗ್ ಒಡೆದು ಮತ್ತೆ ಹಾಕಿಸಿದೆವು, ಹೊಸ ಹುಳುಕು ಬಂದಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ವಸಡಿನ ಪಕ್ಕ ಕಾಣುವ ಗುಂಡಿಯೆಲ್ಲ ಹುಳುಕಲ್ಲ. ಗಟ್ಟಿಯಾಗಿ, ಹೊಳೆಯುವ ಹಾಗೆ, ಕೊಡಲಿ ಏಟು ಬಿದ್ದ ಮರದ ಹಾಗೆ ವಿ ಆಕಾರದಲ್ಲಿ ಇದ್ದರೆ ಅದು ಸವೆತ. ಗಡಸು ಬ್ರಶ್ಶಿನಿಂದ ಅಡ್ಡಡ್ಡ ತಿಕ್ಕುವುದು, ಹುಳಿ ಪದಾರ್ಥ, ಹೊಟ್ಟೆಯಿಂದ ಮೇಲೆ ಬರುವ ಆಮ್ಲ, ಹಲ್ಲು ಕಡಿಯುವ ಅಭ್ಯಾಸ, ಸಾಮಾನ್ಯವಾಗಿ ಇವು ಒಂದಕ್ಕೊಂದು ಸೇರಿರುತ್ತವೆ. ಕಚ್ಚುವ ಒತ್ತಡಕ್ಕೇ ಹೀಗೆ ಚಕ್ಕೆ ಏಳುತ್ತದೆ ಅನ್ನುವ ವಾದಕ್ಕೆ 1991ರಲ್ಲಿ ಅಬ್‌ಫ್ರಾಕ್ಷನ್ ಅಂತ ಹೆಸರು ಬಂತು, ಅದರ ಬಗ್ಗೆ ತಜ್ಞರಲ್ಲೇ ಇನ್ನೂ ಚರ್ಚೆ ಇದೆ. ಸವೆತ ಆಳ ಇಲ್ಲದಿದ್ದರೆ, ಜುಮ್ ಅನ್ನದಿದ್ದರೆ, ಫಿಲ್ಲಿಂಗ್ ಇಲ್ಲದೆ ಕಾರಣ ಸರಿಮಾಡಿ ಕಾಯಬಹುದು. ಕಾರಣ ಹಾಗೇ ಬಿಟ್ಟು ಫಿಲ್ಲಿಂಗ್ ಹಾಕಿಸಿದರೆ ಅದೂ ಸವೆಯುತ್ತದೆ ಅಥವಾ ಅದರ ಪಕ್ಕದ ಹಲ್ಲು ಸವೆಯುತ್ತದೆ. ಸವೆದು ಹೊಳೆಯುವ ಡೆಂಟಿನ್ ಮೇಲೆ ಬಾಂಡ್ ಸರಿಯಾಗಿ ಹಿಡಿಯುವುದೂ ಕಷ್ಟ, ಅದಕ್ಕೇ ಡಾಕ್ಟರ್ ಮೊದಲು ಮೇಲ್ಮೈಯನ್ನು ಸ್ವಲ್ಪ ಒರಟು ಮಾಡುತ್ತಾರೆ.

ಹಾಕಿದ ಮೇಲೆ ಉಜ್ಜಿ ನಯ ಮಾಡುವ ಕೆಲಸವನ್ನು ಯಾರೂ ಹೊಗಳುವುದಿಲ್ಲ, ನಾನು ಹೊಗಳುತ್ತೇನೆ. ಫಿಲ್ಲಿಂಗ್ ಅಂಚು ವಸಡಿನ ಕಡೆ ಒಂದಿಷ್ಟು ಚಾಚಿಕೊಂಡಿದ್ದರೂ ಪಾಚಿ ಕೂರುತ್ತದೆ, ವಸಡು ಊದುತ್ತದೆ, ಬ್ರಶ್ ಮಾಡಿದಾಗಲೆಲ್ಲ ರಕ್ತ. ಕುರ್ಚಿ ಬಿಟ್ಟು ಏಳುವ ಮೊದಲು ನಾಲಿಗೆ ಆಡಿಸಿ ನೋಡಿ, ಮೆಟ್ಟಿಲಿನ ಹಾಗೆ ತಾಗಿದರೆ ಅಲ್ಲೇ ಹೇಳಿ. ಹಲ್ಲಿನ ದಾರ ಹಾಕಿ ಎಳೆದಾಗ ಎಳೆ ಹರಿದರೆ ಅದೂ ಸೂಚನೆ. ಮರಗಟ್ಟಿದ್ದರಿಂದ ಅವತ್ತು ಗೊತ್ತಾಗದೇ ಇರಬಹುದು, ಎರಡು ದಿನ ಬಿಟ್ಟು ಮತ್ತೆ ಹೋಗಿ ಕೇಳಲು ನಾಚಿಕೆ ಬೇಡ. ನಾನು ಹಾಗೆ ಹೋಗಿ ಸರಿಮಾಡಿಸಿಕೊಂಡಿದ್ದೇನೆ.

ನೀವು ಹೋಗುವುದಾದರೆ ಬ್ರ್ಯಾಂಡ್ ಹೆಸರು ಕೇಳುವ ಮೊದಲು ಗುಂಡಿಯ ಕೆಳಗಿನ ಅಂಚು ಎನಾಮೆಲ್ ಮೇಲಿದೆಯೋ ಬೇರಿನ ಮೇಲಿದೆಯೋ ಅಂತ ಕೇಳಿ, ಆ ಜಾಗವನ್ನು ಒಣಗಿಸಿಡಲು ಏನು ಮಾಡುತ್ತೀರಿ ಅಂತ ಕೇಳಿ. ಎನಾಮೆಲ್ ಸುತ್ತ ಇದ್ದು, ಒಣಗಿಸಲು ಆಗುವ ಜಾಗವಾಗಿದ್ದು, ನಕ್ಕರೆ ಕಾಣುವ ಹಲ್ಲಾದರೆ ಕಾಂಪೋಸಿಟ್. ಬೇರಿನ ಮೇಲೆ ಇಳಿದಿದ್ದರೆ ಅಥವಾ ಹುಳುಕು ಪದೇಪದೇ ಬರುವ ಬಾಯಾದರೆ ಗ್ಲಾಸ್ ಅಯಾನೊಮರ್ ಜಾತಿಯದು, ಅದರಲ್ಲೂ ರೆಸಿನ್ ಬೆರೆತದ್ದು. ನನಗೆ ಇಷ್ಟು ಮೊದಲೇ ಗೊತ್ತಿದ್ದರೆ ವಸಡಿನಿಂದ ರಕ್ತ ಬರುತ್ತಿದ್ದ ಆ ದಿನ ಇನ್ನೊಂದು ದಿನ ಬರುತ್ತೇನೆ ಡಾಕ್ಟ್ರೇ ಅಂತ ಎದ್ದು ಬರುತ್ತಿದ್ದೆ.

ಹೋದ ತಿಂಗಳು ತಪಾಸಣೆಗೆ ಹೋಗಿದ್ದೆ. ಕೋರೆಹಲ್ಲಿನ ಕಾಂಪೋಸಿಟ್ ಕೆಳಗಿನ ಅಂಚಿನಲ್ಲಿ ತೆಳ್ಳಗೆ ಒಂದು ಕಂದು ಗೆರೆ ಕಂಡಿತು. ಕಿತ್ತು ಹೊಸದು ಹಾಕುತ್ತಾರೇನೋ ಅಂತ ಹೆದರಿದ್ದೆ. ಡಾಕ್ಟರ್ ಮೊನೆಯಿಂದ ಮುಟ್ಟಿ ನೋಡಿದರು, ಮೆತ್ತಗಿರಲಿಲ್ಲ, ಬರೀ ಬಣ್ಣ. ಸಣ್ಣ ಬಿಲ್ಲೆಯಿಂದ ಉಜ್ಜಿ ಐದು ನಿಮಿಷದಲ್ಲಿ ತೆಗೆದು, ಆರು ತಿಂಗಳು ಬಿಟ್ಟು ಬನ್ನಿ ಅಂದರು.